ಎವರ್‌ಗ್ರೀನ್ ಬೆಟ್ಟಗಳ ಹುಲ್ಲುಗಾವಲು: ಒಂದು ಚಾರಿತ್ರಿಕ ನೋಟ

ಸ್ಯಾನ್ ಹೋಸೆ ನಗರದ ಆಗ್ನೇಯ ಮೂಲೆಯಲ್ಲಿರುವ ಬಡಾವಣೆಗೆ ಎವರ್‌ಗ್ರೀನ್ ಎಂದು ಹೆಸರು. ಹೆಸರನ್ನಷ್ಟೇ ಕೇಳಿದವರು ಅದನ್ನು ನಮ್ಮ ಆಗುಂಬೆಯಂಥ ನಿತ್ಯಹರಿದ್ವರ್ಣದ ಸೀಮೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಈ ಊರಿನ ಬೆನ್ನಿಗೆ ನಿಂತಿರುವ ಬೆಟ್ಟಸಾಲು ವರ್ಷದ ಏಳೆಂಟು ತಿಂಗಳು ಒಣಹುಲ್ಲಿನ ಬಣ್ಣದ್ದು. ದೀಪಾವಳಿಯ ಆಸುಪಾಸಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ನಿಧಾನವಾಗಿ ಹಸುರಾಗಿ, ಶಿವರಾತ್ರಿಯ ವೇಳೆಗೆ ಕಣ್ಣಿಗೆ ತಂಪೆರೆಯುವಂತಾಗಿ, ಯುಗಾದಿ ಕಳೆದು ಒಂದು ತಿಂಗಳಾಗುವಷ್ಟರಲ್ಲಿ ಮತ್ತೆ ಕಂದುಬಣ್ಣಕ್ಕೆ ತಿರುಗುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದೆ ಎಂಬ ನಮ್ಮ ಹಿರಿಯರ ಮಾತು ಇಲ್ಲಿಗೂ ಹೆಚ್ಚು ಕಡಿಮೆ ಸಲ್ಲುತ್ತದೆ. ಈ ಬೆಟ್ಟಗಳಲ್ಲಿ ನೋಡತಕ್ಕದ್ದೆಲ್ಲ ನಡೆಯುವುದು ಆ ಚಳಿಗಾಲದ ಕೊನೆಯ ಆರೆಂಟು ವಾರಗಳಲ್ಲಿಯೇ.

ನಮ್ಮ ಸ್ಮರಣ ಸಂಚಿಕೆಗಳಲ್ಲಿ ಹಂಪೆ ಹಳೇಬೀಡುಗಳ ಚರಿತ್ರೆ ಬಂದಷ್ಟು, ನಾವು ಮನೆಮಾಡಿಕೊಂಡಿರುವ ನೆಲದ ಚರಿತ್ರೆ ಬಂದದ್ದು ಕಡಿಮೆ. 2014ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನವು ಸ್ಯಾನ್ ಹೋಸೆಯಲ್ಲಿ ನಡೆದಾಗ ದಕ್ಷಿಣದ ಕಡೆಯಿಂದ 101ನೆಯ ಹೆದ್ದಾರಿಯಲ್ಲಿ ಕಾರಿನಲ್ಲಿ ಬಂದ ಪ್ರತಿನಿಧಿಗಳೆಲ್ಲರೂ ತಮ್ಮ ಬಲಗಡೆಗೆ ಈ ಬೆಟ್ಟಸಾಲಿನ ಬೋಳು ನೆತ್ತಿಯನ್ನು ಕಂಡೇ ಇರುತ್ತಾರೆ. ಮರವಿಲ್ಲ, ಮನೆಯಿಲ್ಲ, ಅಲ್ಲಲ್ಲಿ ದನಗಳು. ಏನೂ ಇಲ್ಲದ ಜಾಗ ಎಂದುಕೊಂಡು ಮುಂದೆ ಹೋಗಿರುತ್ತಾರೆ. ಏನೂ ಇಲ್ಲವೆನಿಸುವ ಆ ಜಾಗದ ಕಥೆಯೇ ಈ ಲೇಖನದ ವಸ್ತು.

ಸ್ಪೇನಿನವರು ಬರುವುದಕ್ಕೆ ಮೊದಲು ಈ ಕಣಿವೆಯಲ್ಲಿ ಓಲೋನಿ ಜನಾಂಗಕ್ಕೆ ಸೇರಿದ, ತಾಮಿಯೆನ್ ನುಡಿಯಾಡುವ ಜನರು ವಾಸಿಸುತ್ತಿದ್ದರು. ಅವರು ಉತ್ತುಬಿತ್ತುವವರಲ್ಲ; ಹಾಗೆಂದು ನೆಲವನ್ನು ಅದರ ಪಾಡಿಗೆ ಬಿಟ್ಟವರೂ ಅಲ್ಲ. ಹುಲ್ಲುಬಯಲಿಗೆ ಹದವರಿತು ಬೆಂಕಿಯಿಕ್ಕಿ, ತಿನ್ನುವ ಬೀಜ ಕೊಡುವ ಗಿಡಗಳು ಚೆನ್ನಾಗಿ ಬರುವಂತೆಯೂ ಜಿಂಕೆಗಳಿಗೆ ಎಳೆಯ ಮೇವು ಸಿಗುವಂತೆಯೂ ನೋಡಿಕೊಳ್ಳುತ್ತಿದ್ದರು. 1777ರ ನವೆಂಬರ್ 29ರಂದು ಸ್ಯಾನ್ ಹೋಸೆ ಊರು ಸ್ಥಾಪನೆಯಾಯಿತು. ವಲಸೆ ಬಂದವರೊಡನೆ ದನಗಳು ಬಂದವು. ದನಗಳ ರೋಮದಲ್ಲಿ, ಸೆಗಣಿಯಲ್ಲಿ, ಮೇವಿನ ಕಟ್ಟುಗಳಲ್ಲಿ ಮೆಡಿಟರೇನಿಯನ್ ಸೀಮೆಯ ಹುಲ್ಲಿನ ಬೀಜಗಳೂ ಬಂದವು. 1793ರಲ್ಲಿ ಗವರ್ನರ್ ಆರಿಯಾಗನು ಬಯಲಿಗೆ ಬೆಂಕಿಯಿಡುವುದನ್ನು ನಿಷೇಧಿಸಿದನು. ಹೊಸ ಹುಲ್ಲು ಬಂತು, ಹಳೆಯ ಬೆಂಕಿ ನಿಂತಿತು. ಒಂದೆರಡು ತಲೆಮಾರಿನೊಳಗೆ ಕಣಿವೆಯ ಮೂಲ ಸಸ್ಯಗಳು ಕಾಡು ಓಟ್ಸ್ ಮತ್ತು ಅದರ ಬಳಗದ ಹುಲ್ಲುಗಳ ಕೆಳಗೆ ಹೂತುಹೋದವು. ಇಂದು ಕ್ಯಾಲಿಫೋರ್ನಿಯದ ಬಂಗಾರದ ಬೆಟ್ಟಗಳೆಂದು ನಾವು ಚಿತ್ರ ತೆಗೆದು ಊರಿಗೆ ಕಳುಹಿಸುವುದು ಬಹುಮಟ್ಟಿಗೆ ಈ ವಲಸೆಗಾರ ಹುಲ್ಲನ್ನೇ.

1833ರಲ್ಲಿ ಮೆಕ್ಸಿಕೋ ಸರ್ಕಾರವು ಯೆರ್ಬಾ ಬುಯೆನಾ ಎಂಬ ಜಹಗೀರನ್ನು ಆಂಟೋನಿಯೋ ಚಬೋಯ ಎಂಬುವನಿಗೆ ನೀಡಿತು. ಇಪ್ಪತ್ತನಾಲ್ಕು ಸಾವಿರ ಎಕರೆಗೂ ಮೀರಿದ ಆ ಜಹಗೀರಿನೊಳಗೇ ಇಂದಿನ ಎವರ್‌ಗ್ರೀನ್ ಇದೆ. ನಮ್ಮ ಮಕ್ಕಳು ಓದುವ ಒಂದು ಶಾಲೆಗೆ ಚಬೋಯ ಎಂದು ಹೆಸರಿರುವುದು ಈ ಕಾರಣದಿಂದ. ಆಗಿನ ವ್ಯಾಪಾರವೆಲ್ಲ ದನದ ಚರ್ಮ ಮತ್ತು ಕೊಬ್ಬಿನದು. 1861-62ರ ಚಳಿಗಾಲದ ಮಹಾಪೂರ, ಅದರ ಬೆನ್ನಿಗೇ ಬಂದ 1862-64ರ ಬರ ಆ ದನಗಾಹಿ ಬದುಕನ್ನು ನೆಲಕಚ್ಚಿಸಿದವು. ಅನಂತರ ತಗ್ಗಿನ ನೆಲಕ್ಕೆ ಗೋಧಿ, ದ್ರಾಕ್ಷಿ, ಹಣ್ಣಿನ ತೋಟಗಳು ಬಂದವು. ತೋಟಗಳ ಜಾಗಕ್ಕೆ ಕೊನೆಯಲ್ಲಿ ನಾವು ಬಂದೆವು. ಬೆಟ್ಟದ ಮೇಲೆ ಮಾತ್ರ, ಉಳುಮೆಗೆ ಒಗ್ಗದ ನೆಲವಾದ್ದರಿಂದ, ದನಗಳೇ ಉಳಿದವು.

ಆ ನೆಲ ಉಳುಮೆಗೆ ಒಗ್ಗದಿರುವುದಕ್ಕೆ ಕಡಿದಾದ ಇಳಿಜಾರೊಂದೇ ಕಾರಣವಲ್ಲ. ಬೆಟ್ಟದ ಎಷ್ಟೋ ಭಾಗ ಸರ್ಪೆಂಟೈನ್ ಶಿಲೆಯದು. ಹೆಸರೇ ಹೇಳುವಂತೆ ಹಾವಿನ ಮೈಯ ಹಾಗೆ ಹಸುರುಹಸುರಾಗಿ ಮಿರುಗುವ ಕಲ್ಲು. ಸಾಗರದ ತಳದಡಿಯಿಂದ ಭೂಮಿಯ ಒತ್ತಡಕ್ಕೆ ಸಿಕ್ಕಿ ಮೇಲೆದ್ದು ಬಂದದ್ದು; 1965ರಲ್ಲಿ ಕ್ಯಾಲಿಫೋರ್ನಿಯವು ಇದನ್ನು ತನ್ನ ರಾಜ್ಯಶಿಲೆಯೆಂದು ಘೋಷಿಸಿತು. ಈ ಕಲ್ಲು ಸವೆದು ಆಗುವ ಮಣ್ಣಿನಲ್ಲಿ ಮೆಗ್ನೀಸಿಯಂ, ನಿಕಲ್ ಅತಿಯಾಗಿವೆ. ಸುಣ್ಣದ ಅಂಶ ಕಡಿಮೆ, ಸಾರಜನಕವಂತೂ ತೀರ ಕಡಿಮೆ. ರೈತನ ಕಣ್ಣಿಗೆ ಇದು ಶಾಪಗ್ರಸ್ತ ನೆಲ. ವಲಸೆ ಬಂದ ಹುಲ್ಲಿಗೂ ಇಲ್ಲಿ ಕಾಲೂರಲಾಗಲಿಲ್ಲ. ಕಣಿವೆಯಿಂದ ಹೊರದೂಡಲ್ಪಟ್ಟ ಮೂಲ ಸಸ್ಯಗಳು ಮಾತ್ರ ಈ ಬಡ ಮಣ್ಣಿನ ಮೇಲೆಯೇ ಆಶ್ರಯ ಪಡೆದು ಎರಡು ಶತಮಾನ ಬದುಕಿಕೊಂಡವು. ಮಾರ್ಚ್ ತಿಂಗಳಲ್ಲಿ ಬೆಟ್ಟದ ಮೇಲೆ ಹಾಸಿದಂತೆ ಕಾಣುವ ಹಳದಿ ಬಿಳಿ ನೇರಿಳೆ ಹೂಗಳೆಲ್ಲ ಅವೇ.

ಅವುಗಳ ನಡುವೆ ಬೆರಳುದ್ದದ ಒಂದು ಗಿಡವಿದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಪ್ಲಾಂಟಾಗೋ ಎರೆಕ್ಟ ಎಂದು ಹೆಸರು. ಹೊಟ್ಟೆಯ ತೊಂದರೆಗೆ ನಮ್ಮ ಮನೆಗಳಲ್ಲಿ ನೀರಿನಲ್ಲಿ ಕದಡಿ ಕುಡಿಯುವ ಇಸಬ್‌ಗೋಲಿಗೆ ಇದು ದಾಯಾದಿ. ನೋಡುವುದಕ್ಕೆ ಏನೇನೂ ಚೆಂದವಿಲ್ಲ. ಆದರೆ ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆಯ ಹುಳುವಿಗೆ ಇದೇ ಮುಖ್ಯ ಆಹಾರ. ಕಪ್ಪು ರೆಕ್ಕೆಯ ಮೇಲೆ ಕೆಂಪು ಮತ್ತು ಕೆನೆಬಣ್ಣದ ಚೌಕುಳಿ ಚುಕ್ಕೆಗಳಿರುವ, ಎರಡು ಅಂಗುಲ ಅಗಲದ ಈ ಚಿಟ್ಟೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಣ ಸೀಮೆಯನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ.

ಇದರ ಬಾಳಿನ ಲೆಕ್ಕಾಚಾರ ವಿಚಿತ್ರವಾದದ್ದು. ಮಾರ್ಚ್ ಏಪ್ರಿಲ್‌ನಲ್ಲಿ ತಾಯಿಚಿಟ್ಟೆ ಗಿಡದ ಬುಡದಲ್ಲಿ ಮೊಟ್ಟೆಯಿಡುತ್ತದೆ. ಬಿಸಿಲೇರಿ ಗಿಡ ಒಣಗುವುದರೊಳಗೆ ಮರಿಹುಳು ಒಂದು ಮಟ್ಟಕ್ಕೆ ಬೆಳೆದಿರಬೇಕು. ಬಹುಪಾಲು ಹುಳುಗಳು ಈ ಪಂದ್ಯದಲ್ಲಿ ಸೋತು ಸಾಯುತ್ತವೆ. ಗೆದ್ದವು ಕಲ್ಲಿನ ಸಂದಿಗೆ, ಮಣ್ಣಿನ ಬಿರುಕಿಗೆ ಸರಿದು ಇಡೀ ಬೇಸಿಗೆಯನ್ನು ಅನ್ನ ನೀರಿಲ್ಲದೆ ನಿದ್ರೆಯಲ್ಲಿ ಕಳೆಯುತ್ತವೆ. ಮಳೆ ಬಿದ್ದು ಹೊಸ ಗಿಡ ಮೊಳೆತಾಗ ಎದ್ದು ಬರುತ್ತವೆ. ಜನವರಿ ಫೆಬ್ರವರಿಯ ಚಳಿಯ ಮುಂಜಾನೆ ಮೈ ಸೆಟೆದಿರುವುದರಿಂದ ಮೇಯಲಾಗದು. ಆದ್ದರಿಂದ ಮೊದಲು ಬಿಸಿಲು ಕಾಯಿಸಿಕೊಳ್ಳಬೇಕು. ಅದಕ್ಕಾಗಿಯೇ ಮೈಯೆಲ್ಲ ಕಪ್ಪು ರೋಮ. ಬಿಸಿಲು ಬೇಗ ತಾಗುವ ದಕ್ಷಿಣದ ಇಳಿಜಾರಿನಲ್ಲಿರುವ ಹುಳುಗಳು ಫೆಬ್ರವರಿಯಲ್ಲಿಯೇ ಕೋಶ ಕಟ್ಟುವ ಹವಣಿಕೆಯಲ್ಲಿದ್ದರೆ, ಉತ್ತರದ ಇಳಿಜಾರಿನ ಹುಳುಗಳು ಇನ್ನೂ ಚಿಕ್ಕವೇ ಇರುತ್ತವೆ. ಮಳೆ ಕಡಿಮೆಯಾದ ವರ್ಷ ದಕ್ಷಿಣದ ಇಳಿಜಾರಿನ ಗಿಡ ಬೇಗ ಒಣಗಿದರೂ ಉತ್ತರದ್ದು ಕೆಲವು ವಾರ ಹೆಚ್ಚು ಹಸುರಾಗಿದ್ದು ಸಂತತಿಯನ್ನು ಉಳಿಸುತ್ತದೆ. ಏರಿಳಿತಗಳಿರುವ ದೊಡ್ಡ ಬೆಟ್ಟದಲ್ಲಿ ಈ ಚಿಟ್ಟೆ ಬದುಕುವುದಕ್ಕೂ ಸಣ್ಣ ದಿಬ್ಬದ ಮೇಲೆ ನಾಶವಾಗುವುದಕ್ಕೂ ಇದೇ ಕಾರಣ.

ಈ ಸಂಗತಿಗಳು ತಿಳಿದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ಎರ್ಲಿಕ್ ಮತ್ತು ಅವರ ಶಿಷ್ಯರ ದೀರ್ಘ ಅಧ್ಯಯನದಿಂದ. ಭಾರತೀಯ ವಾಚಕರಿಗೆ ಎರ್ಲಿಕ್ ಪರಿಚಯವಾದದ್ದು 1968ರಲ್ಲಿ ಅವರು ಬರೆದ ಜನಸಂಖ್ಯಾಸ್ಫೋಟದ ಪುಸ್ತಕದಿಂದ. ಅದರ ಆರಂಭದಲ್ಲಿ ದೆಹಲಿಯ ಜನಜಂಗುಳಿಯ ಚಿತ್ರಣವಿದ್ದು, ಅದನ್ನು ಓದಿ ಮುನಿಸಿಕೊಳ್ಳದ ಭಾರತೀಯರು ಕಡಿಮೆ. ಆ ಮುನಿಸು ನನಗೂ ಉಂಟು. ಆದರೆ ಅದೇ ವ್ಯಕ್ತಿ 1960ರ ಸುಮಾರಿನಿಂದ ವಿಶ್ವವಿದ್ಯಾಲಯದ ಜಾಸ್ಪರ್ ರಿಡ್ಜ್ ಎಂಬ ರಕ್ಷಿತ ಭೂಮಿಯಲ್ಲಿ ಒಂದೊಂದೇ ಚಿಟ್ಟೆಯ ರೆಕ್ಕೆಗೆ ಗುರುತು ಹಾಕಿ ಎಣಿಸಿದ ತಾಳ್ಮೆಗೆ ತಲೆಬಾಗಬೇಕು. 1987ರಲ್ಲಿ ಅಮೆರಿಕ ಸರ್ಕಾರವು ಈ ಚಿಟ್ಟೆಯನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಆದರೂ 1998ರ ವೇಳೆಗೆ ಜಾಸ್ಪರ್ ರಿಡ್ಜ್‌ನ ಕೊನೆಯ ಚಿಟ್ಟೆಯೂ ಕಣ್ಮರೆಯಾಯಿತು. ಅನಂತರ ಉಳಿದ ದೊಡ್ಡ ನೆಲೆಯೆಂದರೆ ನಮ್ಮ ಊರಿನ ದಕ್ಷಿಣಕ್ಕೆ ಚಾಚಿಕೊಂಡಿರುವ ಕಯೋಟಿ ರಿಡ್ಜ್ ಬೆಟ್ಟಸಾಲು ಒಂದೇ. ಅದರ ನಾಲ್ಕು ಮುಖ್ಯ ಭಾಗಗಳಲ್ಲಿ ಉತ್ತರದ ತುದಿಯದು ಸಿಲ್ವರ್ ಕ್ರೀಕ್ ಬೆಟ್ಟಗಳು, ಅಂದರೆ ಎವರ್‌ಗ್ರೀನಿನ ಅಂಚು. 1990ರ ದಶಕದಲ್ಲಿ ಅಲ್ಲಿಗೆ ಗಾಲ್ಫ್ ಮೈದಾನವೂ ಸಾಲು ಸಾಲು ಮನೆಗಳೂ ಬಂದವು.

ಇಲ್ಲಿಂದ ಮುಂದೆ ಕಥೆ ತಿರುವು ಪಡೆಯುತ್ತದೆ. ಚಿಟ್ಟೆಯನ್ನು ಉಳಿಸಬೇಕಾದರೆ ಮೊದಲು ದನಗಳನ್ನು ಹೊರಗಟ್ಟಬೇಕು ಎಂಬುದು ಯಾರಿಗೇ ಆದರೂ ಹೊಳೆಯುವ ಉಪಾಯ. ತುಳಿತ, ಮೇತ, ಸೆಗಣಿ ಇವುಗಳಿಂದ ಹುಳುವಿಗೆ ಹಾನಿಯಾಗದೆ ಇದ್ದೀತೆ? ಸ್ಯಾನ್ ಹೋಸೆಯ ದಕ್ಷಿಣದಲ್ಲಿ ಹಲವೆಡೆ ದನ ಮೇಯುವುದು ನಿಂತಿತು. ಮೇತ ನಿಂತ ಜಾಗಗಳಲ್ಲಿ ಕೆಲವೇ ವರ್ಷಗಳಲ್ಲಿ ಚಿಟ್ಟೆಗಳ ಸಂಖ್ಯೆ ಕುಸಿಯಿತು. ಮೇತ ಮುಂದುವರಿದ ಪಕ್ಕದ ಬೆಟ್ಟಗಳಲ್ಲಿ ಹಾಗಾಗಲಿಲ್ಲ. ಎರ್ಲಿಕ್‌ರ ಬಳಗದಲ್ಲಿ ಪಳಗಿದ ಸ್ಟುವರ್ಟ್ ವೈಸ್ ಎಂಬ ವಿಜ್ಞಾನಿ 1999ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಎರಡು ನೂರು ವರ್ಷ ಈ ಮಣ್ಣಿನ ಹತ್ತಿರ ಸುಳಿಯದಿದ್ದ ವಲಸೆಹುಲ್ಲು ಈಗ ಮೊಣಕಾಲೆತ್ತರ ಬೆಳೆದು ಬೆರಳುದ್ದದ ಗಿಡವನ್ನು ಮುಚ್ಚಿಹಾಕುತ್ತಿತ್ತು. ಆ ಹುಲ್ಲಿಗೆ ಗೊಬ್ಬರ ಎಲ್ಲಿಂದ ಬಂತು? ಗಾಳಿಯಿಂದ. ಕಾರು, ಲಾರಿ, ಕಾರ್ಖಾನೆಗಳ ಹೊಗೆಯಲ್ಲಿರುವ ಸಾರಜನಕ ಈ ಬೆಟ್ಟಗಳ ಮೇಲೆ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 10ರಿಂದ 15 ಕಿಲೋಗ್ರಾಂನಷ್ಟು ಇಳಿಯುತ್ತಿದೆಯೆಂದು ವೈಸ್ ಅಂದಾಜು ಮಾಡಿದರು; ಗಾಳಿ ಶುಭ್ರವಾಗಿರುವ ಕೊಲ್ಲಿಯ ಪಶ್ಚಿಮಕ್ಕೆ ಅದು 4ರಿಂದ 6 ಕಿಲೋಗ್ರಾಂ. ರೈತಾಪಿ ಮನೆಯಿಂದ ಬಂದವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಎರಡೂವರೆ ಎಕರೆಗೆ ವರ್ಷವರ್ಷವೂ ಅರ್ಧ ಮೂಟೆಗೂ ಮಿಗಿಲಾಗಿ ಯೂರಿಯ ಎರಚಿದ ಹಾಗೆ. ಬಡತನವೇ ಬಂಡವಾಳವಾಗಿದ್ದ ಮಣ್ಣು ನಮ್ಮ ಕಾರುಗಳ ಕೃಪೆಯಿಂದ ಸಿರಿವಂತವಾಯಿತು. ದನ ಮಾಡುತ್ತಿದ್ದುದು ಇಷ್ಟೇ: ಹೂಗಿಡಕ್ಕಿಂತ ಹುಲ್ಲನ್ನೇ ಆರಿಸಿ ತಿನ್ನುವುದು. ತಿಂದ ಹುಲ್ಲಿನ ಸಾರಜನಕದಲ್ಲಿ ಒಂದು ಪಾಲು ದನದ ಮೈಗೆ ಸೇರಿ, ದನ ಮಾರಾಟವಾದಾಗ ಬೆಟ್ಟವನ್ನು ಬಿಟ್ಟು ಹೋಗುತ್ತದೆ.

ಮಾರಾಟವಾದ ದನ ಎಲ್ಲಿಗೆ ಹೋಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಇದು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಮಾತು. ಈ ಬೆಟ್ಟದಲ್ಲಿ ಸ್ವಯಂಸೇವೆಗೆ ಬರುವ ಸಸ್ಯಾಹಾರಿ ಭಾರತೀಯರು ಒಬ್ಬಿಬ್ಬರಲ್ಲ. ಅವರಲ್ಲಿ ನಾನೂ ಒಬ್ಬಳು. ಬಂದವರೆಲ್ಲರೂ ಕೇಳುವ ಮೊದಲನೆಯ ಪ್ರಶ್ನೆ ಇದೇ. ವಿಷಯವನ್ನು ಮುಚ್ಚಿಡುವುದಕ್ಕಿಂತ ಒಪ್ಪಿಕೊಂಡು ಮುಂದೆ ಮಾತಾಡುವುದು ಪ್ರಾಮಾಣಿಕವೆಂದು ನನ್ನ ಎಣಿಕೆ. ವೈಸ್ ಅವರೂ ಮೇತ ಎಲ್ಲೆಡೆಯೂ ಒಳ್ಳೆಯದೆಂದು ಹೇಳಲಿಲ್ಲ. ಹದ ತಪ್ಪಿದರೆ ಹಾನಿಯೇ ಎಂದೂ, ಈ ನೆಲದಲ್ಲಿ, ಈ ಕಾಲದಲ್ಲಿ, ಹದವಾದ ಮೇತ ಅನಿವಾರ್ಯವೆಂದೂ ಬರೆದರು.

ಹದವಾದ ಮೇತ ಎಂಬುದು ಕನ್ನಡಿಗರಿಗೆ ಹೊಸ ವಿಚಾರವಾಗಬೇಕಾಗಿರಲಿಲ್ಲ. ನನ್ನ ತೌರು ಕಡೂರು ಸೀಮೆ. ಅಲ್ಲಿಗೆ ಸಮೀಪದ ಅಜ್ಜಂಪುರದಲ್ಲಿ ಅಮೃತಮಹಲ್ ರಾಸುಗಳ ತಳಿ ಸಂವರ್ಧನ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎಂದು ಆರಂಭವಾದ ಅರಮನೆಯ ಗೋಸಂಪತ್ತು ಹೈದರಾಲಿಯ ಕಾಲದಲ್ಲಿ ಸೈನ್ಯದ ಬೆನ್ನೆಲುಬಾಗಿ, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಈ ರಾಸುಗಳಿಗಾಗಿ ಮೀಸಲಿಟ್ಟ ಹುಲ್ಲುಬಯಲುಗಳಿಗೆ ಕಾವಲು ಎಂದು ಹೆಸರು. ಕಾವಲೆಂದರೆ ಹುಲ್ಲಿನ ನೆಲವೂ ಹೌದು, ಕಾಯುವ ಕೆಲಸವೂ ಹೌದು. ಎರಡನ್ನೂ ಒಂದೇ ಮಾತಿನಲ್ಲಿ ಅಡಗಿಸಿದ ನುಡಿ ಇನ್ನೊಂದು ಇರುವುದೋ ಇಲ್ಲವೋ ನಾನರಿಯೆ. ಮೈಸೂರು ಸಂಸ್ಥಾನದಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ರಾಸುಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಬಯಲು ಮೇವು ಕೊಡುವಾಗ ಮತ್ತೊಂದು ವಿಶ್ರಾಂತಿ ಪಡೆಯುತ್ತಿತ್ತು. ರಾಸುಗಳ ನಡುವೆ ಕೃಷ್ಣಮೃಗಗಳೂ, ಎರೆಭೂತವೆಂದು ಕರೆಯುವ ದೊಡ್ಡ ಹಕ್ಕಿಯೂ ಆ ಹುಲ್ಲಿನಲ್ಲಿಯೇ ಬಾಳಿದವು.

ಮರವಿಲ್ಲದ ನೆಲ ಪಾಳುನೆಲ ಎಂಬ ಭಾವನೆ ಅಲ್ಲಿಯೂ ಹಬ್ಬಿತು. ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ಮರಗಳನ್ನು ನೆಟ್ಟರು. 1974ರಲ್ಲಿ ಅದೇ 119 ಚದರ ಕಿಲೋಮೀಟರು ಪ್ರದೇಶವನ್ನು ಕೃಷ್ಣಮೃಗಕ್ಕಾಗಿ ಅಭಯಾರಣ್ಯವೆಂದು ಘೋಷಿಸಿದರು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ತೆರೆದ ಹುಲ್ಲುಬಯಲನ್ನೇ ನೆಚ್ಚಿದ ಎರೆಭೂತ ಅಲ್ಲಿಂದ ಮರೆಯಾಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ 2007ರ ಅನಂತರದ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಅಮೃತಮಹಲ್ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಹೋಯಿತು. ಸುತ್ತಲಿನ ಹಳ್ಳಿಗಳ ಕುರಿದನಗಳಿಗೆ ಎದುರಾದದ್ದು ಗೋಡೆ. ಹಳ್ಳಿಯವರು ಹಸುರು ನ್ಯಾಯಾಧಿಕರಣದವರೆಗೆ ಹೋದರು. ದೇಶಕ್ಕೆ ವಿಜ್ಞಾನ ಬೇಡವೆಂದು ಯಾರೂ ಹೇಳುವುದಿಲ್ಲ, ನಾನಂತೂ ಹೇಳಲಾರೆ. ನಮ್ಮ ಮನೆಗಳ ಅನ್ನವೇ ಅದರದು. ಆದರೆ ಆ ಕಡತಗಳಲ್ಲಿ ಕಾವಲನ್ನು ಖಾಲಿ ಜಾಗವೆಂದು ಕಂಡ ಕಣ್ಣೂ 101ನೆಯ ಹೆದ್ದಾರಿಯಿಂದ ಬೆಟ್ಟವನ್ನು ನೋಡಿದ ನಮ್ಮ ಕಣ್ಣೂ ಬೇರೆ ಬೇರೆಯಲ್ಲ. ತುಮಕೂರು ಜಿಲ್ಲೆಯ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು 798 ಎಕರೆ ಉಳಿದುಕೊಂಡದ್ದು ಸಮಾಧಾನದ ಸಂಗತಿ.

ಕಯೋಟಿ ರಿಡ್ಜ್ ಉಳಿದದ್ದು ಒಬ್ಬರ ಪುಣ್ಯದಿಂದಲ್ಲ. 1993ರಲ್ಲಿ ರಚನೆಯಾದ ಸಾಂತಾ ಕ್ಲಾರಾ ಕಣಿವೆಯ ಬಯಲುಭೂಮಿ ಪ್ರಾಧಿಕಾರವು 2015ರಲ್ಲಿ ಇಲ್ಲಿನ 1,800 ಎಕರೆಗೂ ಮೀರಿದ ನೆಲವನ್ನು ಕೊಂಡುಕೊಂಡಿತು. 2023ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದಾಗ, ಮುವೆಕ್ಮ ಓಲೋನಿ ಜನರು ತಮ್ಮ ಚೊಚೆನ್ಯೊ ನುಡಿಯಲ್ಲಿ ಅದಕ್ಕೆ ಹೆಸರಿಟ್ಟರು. ಅರ್ಥ ಕಯೋಟಿ ಬೆಟ್ಟಸಾಲು ಎಂದೇ. ದನಗಳು ಅಲ್ಲಿ ಮೇಯುತ್ತಲೇ ಇವೆ. ಹಿಂದೆ ದನಗಾಹಿಗಳು ಕಟ್ಟಿದ ಸಣ್ಣ ಕೊಳಗಳು, ನಮ್ಮ ಕಡೆಯ ಗೋಕಟ್ಟೆಗಳಂಥವು, ಚಳಿಗಾಲದ ಮಳೆಗೆ ತುಂಬಿದಾಗ ಅಪರೂಪದ ಕೆಂಗಾಲಿನ ಕಪ್ಪೆ ಅಲ್ಲಿ ಮೊಟ್ಟೆಯಿಡುತ್ತದೆ. ಬೆಟ್ಟದ ನೆತ್ತಿಯಲ್ಲಿ ಒಮ್ಮೊಮ್ಮೆ ಟೂಲಿ ಎಲ್ಕ್ ಎಂಬ ದೊಡ್ಡ ಕಡವೆಗಳ ಹಿಂಡು ಕಾಣುತ್ತದೆ. 1870ರ ದಶಕದಲ್ಲಿ ಬೇಟೆಯಿಂದ ಬೆರಳೆಣಿಕೆಗೆ ಇಳಿದಿದ್ದ ಈ ಪ್ರಾಣಿಯನ್ನು ಕೊಲ್ಲಕೂಡದೆಂದು ತನ್ನ ಜಮೀನಿನಲ್ಲಿ ಆಜ್ಞೆಮಾಡಿ ಉಳಿಸಿದವನು ಹೆನ್ರಿ ಮಿಲ್ಲರ್ ಎಂಬ ದನಗಳ ಸಾಹುಕಾರ. ಮೌಂಟ್ ಹ್ಯಾಮಿಲ್ಟನ್ ಬೆಟ್ಟಗಳಿಗೆ ಅವನ್ನು 1978ರಿಂದ ಮತ್ತೆ ತಂದು ಬಿಟ್ಟರು.

ಸ್ವಯಂಸೇವಕರ ಕೆಲಸ ಹೊರಗಿನವರು ಊಹಿಸುವಷ್ಟು ರಮ್ಯವಲ್ಲ. ಮುಖ್ಯವಾಗಿ ಕಳೆ ಕೀಳುವುದು. ಮಂಡಿಯೂರಿ ಕುಳಿತು ಬೇರುಸಹಿತ ಎಳೆದು ಚೀಲಕ್ಕೆ ತುಂಬಬೇಕು. ಬೀಜ ಉದುರುವ ಮೊದಲೇ ಮುಗಿಯಬೇಕಾದ್ದರಿಂದ ಚಳಿಗಾಲದ ಕೊನೆಯೇ ಕೆಲಸದ ಕಾಲ. ರಾಗಿ ಹೊಲದಲ್ಲಿ ಕಳೆ ಕಿತ್ತವರನ್ನು ನೋಡಿ ಬೆಳೆದವರಿಗೆ ಇದು ಬೇಗ ಕೈಗೂಡುತ್ತದೆ. ಸಾಫ್ಟ್‌ವೇರ್ ವೃತ್ತಿಯಿಂದ ನಿವೃತ್ತರಾದ ಮಹನೀಯರು ಮೊದಲ ದಿನ ಬೆನ್ನು ಹಿಡಿದುಕೊಂಡು ನಿಲ್ಲುತ್ತಾರೆ, ನಾಲ್ಕನೆಯ ವಾರಕ್ಕೆ ಹುಲ್ಲಿನ ಎಲೆ ನೋಡಿ ಕುಲ ಹೇಳುತ್ತಾರೆ. ಬೆಟ್ಟ ಏರುವವರ ಜೊತೆ ಮಾರ್ಗದರ್ಶಿಯಾಗಿ ನಡೆಯುವುದು ಇನ್ನೊಂದು ಕೆಲಸ. ಹುಳುಗಳ ಎಣಿಕೆಯ ಹೊಣೆ ವಿಜ್ಞಾನಿಗಳದು. ಇಂತಿಷ್ಟು ಹೊತ್ತಿನಲ್ಲಿ ಇಂತಿಷ್ಟು ಜಾಗದಲ್ಲಿ ಎಷ್ಟು ಹುಳು ಕಂಡವೆಂದು ಬರೆದುಕೊಳ್ಳುತ್ತಾರೆ; ಅನುಮತಿಯಿಲ್ಲದೆ ಹುಳುವನ್ನು ಮುಟ್ಟುವುದೂ ಕಾನೂನಿಗೆ ವಿರುದ್ಧ.

ಅನುಮತಿ ಪಡೆದು ಮುಟ್ಟಿದ ಕಥೆಯೊಂದುಂಟು. ಕೊಲ್ಲಿಯ ಪಶ್ಚಿಮದಲ್ಲಿರುವ ಎಡ್ಜ್‌ವುಡ್ ಎಂಬಲ್ಲಿಯೂ ಇದೇ ಶಿಲೆ, ಇದೇ ಹೂಗಳು. ಅಲ್ಲಿ ಗಾಲ್ಫ್ ಮೈದಾನ ಮಾಡುವ ಯೋಜನೆಯನ್ನು ಊರಿನ ಜನ ವರ್ಷಗಟ್ಟಲೆ ಎದುರಿಸಿ ನಿಂತು, 1993ರಲ್ಲಿ ಅದು ರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ನೆಲ ಉಳಿಯಿತು, ಚಿಟ್ಟೆ ಉಳಿಯಲಿಲ್ಲ. 280ನೆಯ ಹೆದ್ದಾರಿ ಆ ಬಯಲಿನ ನಡುವೆಯೇ ಹಾದುಹೋಗಿದೆ, ದನಗಳಿಲ್ಲ. ಹುಲ್ಲು ಬೆಳೆಯಿತು, ಚಿಟ್ಟೆ ಹೋಯಿತು. 2007ರಲ್ಲಿ ಮೊದಲ ಸಲ, ಅನಂತರ 2011ರಿಂದ ಮತ್ತೆ ಮತ್ತೆ, ವೈಸ್ ಮತ್ತು ಅವರ ಸಂಗಡಿಗರು ಚಳಿಗಾಲದ ಕೊನೆಯಲ್ಲಿ ಕಯೋಟಿ ರಿಡ್ಜ್‌ನ ಕಂಬಳಿಹುಳುಗಳನ್ನು ಸಾವಿರಗಟ್ಟಲೆ ಆರಿಸಿ ಅಲ್ಲಿಗೆ ಸಾಗಿಸಿದರು. ದನಗಳ ಬದಲು ಯಂತ್ರದಿಂದ ಹುಲ್ಲು ಕತ್ತರಿಸುತ್ತಾರೆ, ಉಳಿದದ್ದನ್ನು ಸ್ವಯಂಸೇವಕರು ಕೈಯಿಂದ ಕೀಳುತ್ತಾರೆ. ದನವೊಂದು ಬಿಟ್ಟಿಯಾಗಿ ಮಾಡುವುದನ್ನು ಮನುಷ್ಯರು ಎಷ್ಟು ಕಷ್ಟಪಟ್ಟು ಮಾಡಬೇಕಾಗುತ್ತದೆಂಬುದಕ್ಕೆ ಎಡ್ಜ್‌ವುಡ್ ನಿದರ್ಶನ. 2017ರಲ್ಲಿ ಸ್ಯಾನ್ ಬ್ರೂನೋ ಬೆಟ್ಟಕ್ಕೂ ಹುಳುಗಳನ್ನು ಒಯ್ದು ಬಿಟ್ಟರು.

2013ರಲ್ಲಿ ಸಾಂತಾ ಕ್ಲಾರಾ ಕಣಿವೆಗೆ ಒಂದು ಜೀವಿನೆಲೆ ಸಂರಕ್ಷಣಾ ಯೋಜನೆ ಜಾರಿಗೆ ಬಂತು. ಅವಧಿ ಐವತ್ತು ವರ್ಷ. ಅದರಲ್ಲಿ ಸಾರಜನಕ ಶುಲ್ಕವೆಂಬುದೊಂದಿದೆ. ಹೊಸ ಕಟ್ಟಡ ಬಂದಾಗ ಅದರಿಂದ ದಿನಕ್ಕೆ ಎಷ್ಟು ಬಾರಿ ಕಾರು ಹೆಚ್ಚಾಗಿ ಓಡಾಡುವುದೆಂದು ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ಹಣ ವಸೂಲು ಮಾಡಿ, ಬೆಟ್ಟದ ನೆಲ ಕೊಳ್ಳುವುದಕ್ಕೂ ನೋಡಿಕೊಳ್ಳುವುದಕ್ಕೂ ಬಳಸುತ್ತಾರೆ. ಕಾರಿನ ಹೊಗೆಗೂ ಚಿಟ್ಟೆಯ ಹುಳುವಿಗೂ ನಡುವಣ ಸಂಬಂಧ ಹೀಗೆ ಸರ್ಕಾರದ ರಸೀತಿಗೆ ಏರಿದ್ದು ಜಗತ್ತಿನಲ್ಲಿ ಅಪರೂಪ. ನಮ್ಮ ಹಳೆಯ ಮನೆಗಳು ಆ ಲೆಕ್ಕಕ್ಕೆ ಸಿಕ್ಕಿಲ್ಲ.

ಬೇ ಏರಿಯಾಕ್ಕೆ ಫೆಬ್ರವರಿ ಮಾರ್ಚ್‌ನಲ್ಲಿ ಬರುವ ಪ್ರತಿನಿಧಿ ಬಂಧುಗಳು ಒಂದು ಬೆಳಗನ್ನು ಈ ಬೆಟ್ಟಕ್ಕೆ ಮೀಸಲಿಡಬಹುದು. ಹೊರಡುವ ಮೊದಲು ಪ್ರಾಧಿಕಾರದ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು. ಮೇಲೆ ಗಾಳಿ ಜೋರು. ಹಿರಿಯರು ಉಣ್ಣೆಯ ಟೋಪಿ ಮರೆಯಬಾರದು. ಹಾದಿ ಬಿಟ್ಟು ಹುಲ್ಲಿಗೆ ಕಾಲಿಡಕೂಡದು. ಹಾದಿಯಲ್ಲಿಯೂ ಕಾಲ ಬಳಿ ನೋಡಿಕೊಂಡೇ ನಡೆಯಬೇಕಾಗುತ್ತದೆ. ಬಿಸಿಲು ಕಾಯಿಸಲು ಬರಿಯ ನೆಲವೇ ಬೆಚ್ಚಗಿರುವುದರಿಂದ ಕಂಬಳಿಹುಳುಗಳು ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಅಲ್ಲಿಗೇ ಬಂದು ಮಲಗಿರುತ್ತವೆ.